ಜೂನ್ ಒಂದರ ಮಕ್ಕಳು: ಫುಟ್‌ಬಾಲ್‌ಗೆ ವಯಸ್ಸಿನ ಬಾಗಿಲು ಬಂದದ್ದು ಹೇಗೆ?

ಇವತ್ತಿನ ಸಂಚಿಕೆ ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಬಲಗೈಯನ್ನ ತಲೆ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿ. ಬಸ್ಸಲ್ಲಿ ಇದ್ರೂ ಪರವಾಗಿಲ್ಲ, ತಲೆ ತುರಿಸ್ಕೋತಿದ್ದೀರಿ ಅಂದ್ಕೋತಾರೆ. ಮುಟ್ಟಿತಾ? ಹಾಗಾದ್ರೆ ನೀವು ಒಂದನೇ ಕ್ಲಾಸಿಗೆ ಸೇರಬಹುದು.

ತಮಾಷೆ ಅಲ್ಲ. 1995ರ ಜೂನ್‌ನಲ್ಲಿ ಸೊರಬ ತಾಲ್ಲೂಕಿನ ನಮ್ಮೂರ ಶಾಲೆಗೆ ಅಪ್ಪ ನನ್ನನ್ನ ಕರ್ಕೊಂಡು ಹೋದಾಗ ನಡೆದ ಪ್ರವೇಶ ಪರೀಕ್ಷೆ ಇದೇ. ಬೆರಳ ತುದಿ ಕಿವಿಗೆ ತಾಗಿತು. ಮೇಷ್ಟ್ರು ಕೇಳಿದ್ರು, "ಯಾವಾಗ ಹುಟ್ಟಿದ್ದು?" ಅಪ್ಪ ಹೇಳಿದ್ರು, "ಸಂಕ್ರಾಂತಿ ಆಗಿ ನಾಲ್ಕೈದು ದಿನ ಆಗಿತ್ತು ಮೇಷ್ಟ್ರೇ, ಐದು ವರ್ಷದ ಹಿಂದೆ." ಅಂದ್ರೆ 1990ರ ಜನವರಿ. ಮೇಷ್ಟ್ರು ಬೆರಳಲ್ಲಿ ಲೆಕ್ಕ ಹಾಕಿದ್ರು. ಐದು ವರ್ಷ ಐದು ತಿಂಗಳು. ವಯಸ್ಸು ಸಾಲದು. "ಮುಂದಿನ ವರ್ಷಕ್ಕೆ ಯಾಕೆ ಕಾಯಬೇಕು, ಹುಡುಗ ಚುರುಕಿದ್ದಾನೆ" ಅಂತ ಹೇಳಿ ದಾಖಲಾತಿ ಪುಸ್ತಕದಲ್ಲಿ ಬರೆದ್ರು: 1-6-1989. ಒಂದು ಗೆರೆ ಪೆನ್ನಿನಲ್ಲಿ ನಾನು ಏಳೂವರೆ ತಿಂಗಳು ದೊಡ್ಡವನಾದೆ.

ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಅವರು ಮಾಡಿದ್ದು ಉಪಕಾರ ಅಂತಲೇ. ನಿಮ್ಮ ಅಪ್ಪ-ಅಮ್ಮಂದಿರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದು ನೋಡಿ. ಜೂನ್ ಒಂದು ಅನ್ನೋ ಜನ್ಮದಿನ ಎಷ್ಟು ಮನೆಗಳಲ್ಲಿ ಸಿಗುತ್ತೆ ಅಂತ ನಿಮಗೇ ಗೊತ್ತಾಗುತ್ತೆ. ಶಾಲೆ ಶುರುವಾಗೋ ದಿನವೇ ಮಕ್ಕಳು ಹುಟ್ಟಿದ ದಿನವೂ ಆಗಿಬಿಡ್ತಿತ್ತು.

ಇದರಲ್ಲಿ ಒಂದು ವಿಚಿತ್ರ ಇದೆ. ಶಿಕಾರಿಪುರ, ಸೊರಬ ಅಂದ್ರೆ ಶಾಸನಗಳ ಸೀಮೆ. ತಾಳಗುಂದ, ಬಳ್ಳಿಗಾವಿಯ ಶಾಸನಗಳನ್ನ ಬಿಡಿ, ಎಷ್ಟೋ ಹಳ್ಳಿಗಳಲ್ಲಿ ಕೆರೆ ಏರಿ ಮೇಲೆ, ಗುಡಿ ಪಕ್ಕ ವೀರಗಲ್ಲು ನಿಂತಿವೆ. ಬಿ.ಎಲ್. ರೈಸ್ ಈ ಎರಡು ತಾಲ್ಲೂಕುಗಳ ಶಾಸನಗಳನ್ನ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಅಚ್ಚು ಹಾಕಿಸಿದ್ರು. ದನ ಕಾಯೋಕೆ, ಊರು ಕಾಯೋಕೆ ಹೋರಾಡಿ ಸತ್ತವರ ಕಲ್ಲುಗಳಲ್ಲಿ ಎಷ್ಟೋ ಕಡೆ ಶಕವರ್ಷ, ಸಂವತ್ಸರ, ತಿಂಗಳು, ತಿಥಿ, ವಾರ ಎಲ್ಲ ಇದೆ. ಸತ್ತ ದಿನವನ್ನ ಅಷ್ಟು ಜತನವಾಗಿ ಕಲ್ಲಲ್ಲಿ ಬರೆದ ಊರುಗಳಲ್ಲೇ, ಸಾವಿರ ವರ್ಷ ಆದ ಮೇಲೂ, ಮಕ್ಕಳು ಹುಟ್ಟಿದ ದಿನ ಕಾಗದದಲ್ಲಿ ಸರಿಯಾಗಿ ಇರಲಿಲ್ಲ.

ಕಾನೂನು ಇತ್ತು. ಜನನ ಮತ್ತು ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಮಗು ಹುಟ್ಟಿದ 21 ದಿನದೊಳಗೆ ತಿಳಿಸಬೇಕು. ಒಂದು ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆದ್ರೆ ಅಜ್ಜಿಮನೆಯಲ್ಲಿ ಸೂಲಗಿತ್ತಿ ಕೈಯಲ್ಲಿ ಹುಟ್ಟಿದ ಮಗುವಿಗೆ, ಗದ್ದೆ ಕೆಲಸ ಬಿಟ್ಟು ಯಾರು ಹೋಗಿ ಬರೆಸ್ತಾರೆ? ಹೀಗಾಗಿ ಶಾಲೆಯ ಪುಸ್ತಕವೇ ನಮ್ಮ ಜನ್ಮಪತ್ರ ಆಯಿತು.

ಈಗ ಫುಟ್‌ಬಾಲ್‌ಗೆ ಬರೋಣ. 2002ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಗೆದ್ದಿದ್ದನ್ನ ಟೀವಿಯಲ್ಲಿ ನೋಡಿದ ಮೇಲೆ ನನಗೆ ಹುಚ್ಚು ಹತ್ತಿತು. ನಮ್ಮ ಕಡೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ಟು. ಫುಟ್‌ಬಾಲ್ ಆಡೋರು ಕಮ್ಮಿ. ಭತ್ತ ಕೊಯ್ದ ಮೇಲೆ ಗದ್ದೆಯ ಕೂಳೆ ಮೇಲೇ ನಮ್ಮ ಆಟ. ಪಿಯುಸಿಗೆ ದಿನಾ ಶಿರಾಳಕೊಪ್ಪದ ಮೇಲೆ ಬಸ್ಸಲ್ಲಿ ಶಿಕಾರಿಪುರಕ್ಕೆ ಹೋಗ್ತಿದ್ದೆ. ಅಲ್ಲಿ ಮೈದಾನ ಸಿಕ್ಕಿತು, ಜೊತೆಗೆ ಹತ್ತು ಹನ್ನೆರಡು ಹುಡುಗರೂ ಸಿಕ್ಕಿದ್ರು.

2006ರಲ್ಲಿ ಶಿವಮೊಗ್ಗದಲ್ಲಿ ಒಂದು ಆಯ್ಕೆ ಇದೆ ಅಂತ ಗೊತ್ತಾಯಿತು. 16 ವರ್ಷದೊಳಗಿನವರಿಗೆ. ಆರಿಸಿದವರನ್ನ ಬೆಂಗಳೂರಿಗೆ ಕರೀತಾರೆ ಅಂದ್ರು. ನಿಯಮ ಒಂದೇ ಸಾಲು: 1990ರ ಜನವರಿ 1 ಅಥವಾ ಆಮೇಲೆ ಹುಟ್ಟಿರಬೇಕು. ಬೆಳಗ್ಗೆ ಮೊದಲ ಬಸ್ಸು ಹಿಡಿದು ಹೋದೆ. ಮೇಜಿನ ಹಿಂದೆ ಕೂತವರು ನನ್ನ ಅಂಕಪಟ್ಟಿ ನೋಡಿದ್ರು. "1989 ಇದೆಯಲ್ಲಪ್ಪ." ನಾನು ಸಂಕ್ರಾಂತಿ ಕತೆ ಹೇಳೋಕೆ ಶುರು ಮಾಡಿದೆ. ಅವರು ನಕ್ಕರು. ಕೆಟ್ಟ ನಗು ಅಲ್ಲ, ದಿನಕ್ಕೆ ಹತ್ತು ಸಲ ಇಂಥ ಕತೆ ಕೇಳಿದವರ ನಗು. ಬೂಟು ಚೀಲದಿಂದ ಆಚೆ ತೆಗೆಯದೆ ವಾಪಸ್ ಬಂದೆ.

ಅವತ್ತು ಆಡಿದ್ರೆ ನಾನು ಆಯ್ಕೆ ಆಗ್ತಿದ್ದೆನಾ? ಬಹುಶಃ ಇಲ್ಲ. ಆದ್ರೆ ಒಂದು ಪ್ರಶ್ನೆ ಉಳಿಯಿತು. ಈ ಗೆರೆ ಎಳೆದವರು ಯಾರು? ಯಾತಕ್ಕೆ?

ಚರಿತ್ರೆ ನೋಡಿದ್ರೆ, ವಯಸ್ಸಿನ ಗೆರೆ ಎಳೆದವರೆಲ್ಲ ಹೇಳೋದು ಒಂದೇ ಮಾತು: ಇದು ಮಕ್ಕಳ ರಕ್ಷಣೆಗೆ. ಅದು ಕೆಲವು ಸಲ ನಿಜ, ಕೆಲವು ಸಲ ಅರ್ಧ ನಿಜ. ಅಮೆರಿಕದ ಉದಾಹರಣೆ ತಗೊಳ್ಳಿ. ಅವರು ಫುಟ್‌ಬಾಲ್ ಅನ್ನೋದು ಕೈಯಲ್ಲಿ ಚೆಂಡು ಹಿಡಿದು ಓಡೋ ಬೇರೆ ಆಟಕ್ಕೆ. 1925ರಲ್ಲಿ ರೆಡ್ ಗ್ರೇಂಜ್ ಅನ್ನೋ ಕಾಲೇಜು ಹುಡುಗ ಕೊನೆಯ ಕಾಲೇಜು ಪಂದ್ಯ ಮುಗಿಸಿ, ಕೆಲವೇ ದಿನಗಳಲ್ಲಿ ದುಡ್ಡಿಗೆ ಆಡೋ ಶಿಕಾಗೋ ಬೇರ್ಸ್ ತಂಡ ಸೇರಿದ. ಕಾಲೇಜುಗಳು ಗಲಾಟೆ ಎಬ್ಬಿಸಿದ್ವು. ಜೊತೆಗೆ ಓದಿದವರು ಪದವಿ ಮುಗಿಸೋವರೆಗೂ ಯಾವ ಆಟಗಾರನನ್ನೂ ಮುಟ್ಟಲ್ಲ ಅಂತ ಲೀಗ್ ನಿಯಮ ಮಾಡ್ತು. ಹುಡುಗನ ಓದು ಉಳಿಯಲಿ ಅಂತ ಕಾರಣ ಕೊಟ್ಟರು. ಕಾಲೇಜಿಗೆ ಟಿಕೆಟ್ ದುಡ್ಡೂ ಉಳಿಯಿತು. 2003ರಲ್ಲಿ ಮಾರಿಸ್ ಕ್ಲಾರೆಟ್ ಅನ್ನೋ ಆಟಗಾರ, ಹೈಸ್ಕೂಲ್ ಮುಗಿದು ಮೂರು ವರ್ಷ ಆಗಿರಬೇಕು ಅನ್ನೋ ನಿಯಮವನ್ನ ಕೋರ್ಟಲ್ಲಿ ಪ್ರಶ್ನೆ ಮಾಡಿದ. ಕೆಳಗಿನ ಕೋರ್ಟಲ್ಲಿ ಗೆದ್ದ, ಮೇಲ್ಮನವಿಯಲ್ಲಿ ಸೋತ. ಆ ನಿಯಮ ಆಗಲೂ ಗಟ್ಟಿಯಾಗಿ ನಿಂತಿತು.

ನಮ್ಮ ಫುಟ್‌ಬಾಲ್‌ನಲ್ಲಿ ಫಿಫಾ 2001ರಲ್ಲಿ ಒಂದು ದೊಡ್ಡ ಗೆರೆ ಎಳೆಯಿತು. 18 ತುಂಬದವರನ್ನ ಒಂದು ದೇಶದ ಕ್ಲಬ್ಬಿಂದ ಇನ್ನೊಂದು ದೇಶಕ್ಕೆ ವರ್ಗಾವಣೆ ಮಾಡುವಂತಿಲ್ಲ, ಕೆಲವು ವಿನಾಯಿತಿ ಬಿಟ್ಟರೆ. ಇದಕ್ಕೆ ಗಟ್ಟಿ ಕಾರಣ ಇತ್ತು. ಆಫ್ರಿಕಾ, ಲ್ಯಾಟಿನ್ ಅಮೆರಿಕದ ಮಕ್ಕಳನ್ನ ಏಜೆಂಟರು ಯುರೋಪಿಗೆ ಕರ್ಕೊಂಡು ಹೋಗಿ, ಆಯ್ಕೆ ಆಗದಿದ್ರೆ ಬೀದಿಯಲ್ಲಿ ಬಿಟ್ಟುಬರ್ತಿದ್ರು. ಮೆಸ್ಸಿ 13ನೇ ವಯಸ್ಸಲ್ಲಿ ಅರ್ಜೆಂಟೀನಾದಿಂದ ಬಾರ್ಸಿಲೋನಾಗೆ ಹೋಗಿದ್ದು 2000ದಲ್ಲಿ, ಈ ನಿಯಮ ಬರೋ ಮುಂಚೆ. ಅದೇ ಬಾರ್ಸಿಲೋನಾಗೆ, ವಿದೇಶಿ ಮಕ್ಕಳನ್ನ ಸೇರಿಸಿಕೊಂಡ ತಪ್ಪಿಗೆ, ಫಿಫಾ 2014ರಲ್ಲಿ ಹೊಸ ಆಟಗಾರರನ್ನ ತಗೊಳ್ಳೋದರ ಮೇಲೆ ನಿಷೇಧ ಹಾಕ್ತು. ಇಲ್ಲಿ ಒಂದು ವಿಷಯ ಗಮನಿಸಿ. ಶಿಕ್ಷೆ ಬಿದ್ದಿದ್ದು ಕ್ಲಬ್ಬಿಗೆ. ಆದ್ರೆ ಆಗಲೇ ಅಲ್ಲಿದ್ದ ಎಷ್ಟೋ ಹುಡುಗರೂ 18 ತುಂಬೋವರೆಗೆ ಪಂದ್ಯ ಇಲ್ಲದೆ ಕೂರಬೇಕಾಯಿತು.

ಇನ್ನು ವಯೋಮಿತಿ ಗುಂಪುಗಳು. 16 ವರ್ಷದೊಳಗಿನವರ ಮೊದಲ ವಿಶ್ವ ಟೂರ್ನಿ ನಡೆದಿದ್ದು 1985ರಲ್ಲಿ, ಚೀನಾದಲ್ಲಿ. ಆಮೇಲೆ ಅದು 17ರೊಳಗಿನವರ ವಿಶ್ವಕಪ್ ಆಯಿತು. ಗೆರೆ ಇದ್ದ ಕಡೆ ಸುಳ್ಳು ಲೆಕ್ಕವೂ ಬಂತು. 20ರವರು 17 ಅಂತ ಆಡಿದ್ರು. ಕಾಗದ ನಂಬೋಕೆ ಆಗಲ್ಲ ಅಂತ ಫಿಫಾ 2009ರಲ್ಲಿ, ನೈಜೀರಿಯಾದ ಟೂರ್ನಿಗೆ, ಮಣಿಕಟ್ಟಿನ ಎಂಆರ್‌ಐ ತಂತು. ಅಲ್ಲಿನ ಮೂಳೆ ಪೂರ್ತಿ ಕೂಡಿಕೊಂಡಿದ್ರೆ ಆಟಗಾರ ಹೊರಗೆ. ನಮ್ಮ ಕ್ರೀಡಾ ಸಚಿವಾಲಯ 2010ರಲ್ಲಿ ವಯಸ್ಸಿನ ವಂಚನೆ ತಡೆಯೋಕೆ ರಾಷ್ಟ್ರೀಯ ಸಂಹಿತೆ ಮಾಡಿತು, ಅದರಲ್ಲೂ ವೈದ್ಯಕೀಯ ಪರೀಕ್ಷೆ ಬಂತು.

ಈ ಮಣಿಕಟ್ಟಿನ ಪರೀಕ್ಷೆ ಬಗ್ಗೆ ಮೊದಲ ಸಲ ಓದಿದಾಗ ನನಗೆ ನೆನಪಾಗಿದ್ದು ಕಿವಿ ಮುಟ್ಟಿದ ಪರೀಕ್ಷೆ. ಯಂತ್ರ ದೊಡ್ಡದು, ವಿಜ್ಞಾನವೂ ಎಷ್ಟೋ ಪಾಲು ಗಟ್ಟಿ, ಆದ್ರೆ ಕೆಲಸ ಅದೇ: ಮೈ ನೋಡಿ ವಯಸ್ಸು ಅಂದಾಜು ಮಾಡೋದು. ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರ ಮೂಳೆಯ ವಯಸ್ಸಲ್ಲಿ ಒಂದು ವರ್ಷಕ್ಕೂ ಹೆಚ್ಚು ವ್ಯತ್ಯಾಸ ಇರಬಹುದು. ಬೇಗ ಬೆಳೆದ ಹುಡುಗ ಸುಳ್ಳುಗಾರ ಅನ್ನಿಸ್ಕೋಬಹುದು, ನಿಧಾನ ಬೆಳೆದವನ ಸುಳ್ಳು ದಕ್ಕಬಹುದು.

ಹಾಗಾದ್ರೆ ಗೆರೆಯೇ ಬೇಡವಾ? ಬೇಕು. ನಾನು ಇಲ್ಲಿ ನನ್ನ ಕಡೆ ಮಾತ್ರ ಹೇಳಿದ್ರೆ ತಪ್ಪಾಗುತ್ತೆ. ನಮ್ಮ ಶಿಕಾರಿಪುರದ ಗುಂಪಲ್ಲೇ ಒಬ್ಬನ ವಯಸ್ಸನ್ನ ಶಾಲೆಯಲ್ಲಿ ಎರಡು ವರ್ಷ ಕಮ್ಮಿ ಬರೆಸಿದ್ರು. ಅವನಿಗೆ ಮೀಸೆ ಬಂದಿತ್ತು, ಕಾಗದದಲ್ಲಿ ಹದಿನಾಲ್ಕು. ಅವನು ಒಂದು ಟೂರ್ನಿ ಆಡಿದ. ಅವನಿಗೆ ಜಾಗ ಬಿಟ್ಟುಕೊಟ್ಟು ಬೆಂಚಲ್ಲಿ ಕೂತವನು ನಿಜವಾದ ಹದಿನಾಲ್ಕರ ಹುಡುಗ, ಮೊಣಕಾಲುದ್ದ ಚಡ್ಡಿ ಹಾಕ್ಕೊಂಡವನು. ಅವನು ಮುಂದಿನ ವರ್ಷ ಮೈದಾನಕ್ಕೇ ಬರಲಿಲ್ಲ. ವಯಸ್ಸಿನ ವಂಚನೆ ಅಂದ್ರೆ ಅದು. ಅದರ ಬೆಲೆ ಕಟ್ಟೋದು ಪ್ರಾಮಾಣಿಕವಾಗಿರೋ ಸಣ್ಣ ಹುಡುಗ.

ಇನ್ನೊಂದು ಮಾತೂ ಒಪ್ಕೋಬೇಕು. ನನ್ನ ನಿಜವಾದ ಜನ್ಮದಿನ ನಡೆದಿದ್ರೂ ಅದು ಪೂರ್ತಿ ಸಮ ಆಗ್ತಿರಲಿಲ್ಲ. ಜನವರಿ 1ರ ಗೆರೆಗೆ ನಾನು ಜನವರಿಯಲ್ಲಿ ಹುಟ್ಟಿದವನು. ಡಿಸೆಂಬರ್‌ನಲ್ಲಿ ಹುಟ್ಟಿದವನಿಗಿಂತ ಹನ್ನೊಂದು ತಿಂಗಳು ದೊಡ್ಡವನು, ಆದ್ರೂ ಒಂದೇ ಗುಂಪು. 1997ರಲ್ಲಿ ಫಿಫಾ ಈ ಗೆರೆಯನ್ನ ಆಗಸ್ಟ್ 1ರಿಂದ ಜನವರಿ 1ಕ್ಕೆ ಬದಲಾಯಿಸಿತು. ಬೆಲ್ಜಿಯಂನ ಹುಡುಗರ ಲೆಕ್ಕ ನೋಡಿದ ಸಂಶೋಧಕರಿಗೆ ಕಂಡಿದ್ದೇನು ಗೊತ್ತಾ? ಮುಂಚೆ ಆಗಸ್ಟ್ ಕಡೆ ಹುಟ್ಟಿದ ಮಕ್ಕಳು ಹೆಚ್ಚು ಆಯ್ಕೆ ಆಗ್ತಿದ್ರು. ಗೆರೆ ಬದಲಾದ ಮೇಲೆ ಜನವರಿ ಕಡೆಯವರು ಹೆಚ್ಚು. ಪ್ರತಿಭೆ ತಿಂಗಳು ನೋಡಿ ಹುಟ್ಟಲ್ಲ. ಗೆರೆ ಎಲ್ಲಿದೆ ಅನ್ನೋದರ ಮೇಲೆ ನಮ್ಮ ಕಣ್ಣಿಗೆ ಪ್ರತಿಭೆ ಕಾಣ್ತಿತ್ತು.

ಈ ಗೆರೆ ಬೆಂಗಳೂರಿನ ಹುಡುಗನಿಗೆ ಒಂದು ಥರ, ನಮಗೆ ಇನ್ನೊಂದು ಥರ. ಬೆಂಗಳೂರು ಎಫ್‌ಸಿ ಶುರುವಾಗಿದ್ದು 2013ರಲ್ಲಿ, ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. 2023ರಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ತಂತು. ಖುಷಿಯ ವಿಷಯ. ಆದ್ರೆ ರಾಜ್ಯದ ದೊಡ್ಡ ಕ್ಲಬ್ಬು, ಲೀಗು, ಕ್ರೀಡಾಂಗಣ ಬೆಂಗಳೂರಲ್ಲೇ. ಅಲ್ಲಿನವನಿಗೆ ಒಂದು ಬಾಗಿಲು ಮುಚ್ಚಿದ್ರೆ ಮುಂದಿನ ವಾರ ಇನ್ನೊಂದು ಕ್ಲಬ್ಬು. ಸೊರಬದ ಹುಡುಗನಿಗೆ ವರ್ಷಕ್ಕೆ ಒಂದು ಬಾಗಿಲು, ಅದೂ ಶಿವಮೊಗ್ಗದಲ್ಲಿ. ತಪ್ಪು ಕಾಗದ ಸರಿಮಾಡಿಸೋಕೆ ಕೋರ್ಟು, ವಕೀಲರು. ಆ ಕೇಸು ಮುಗಿಯೋದರೊಳಗೆ ಹದಿನಾರು ದಾಟಿ ಹೋಗಿರುತ್ತೆ.

ಅದಕ್ಕೇ ನನ್ನ ಮಾತು ಇಷ್ಟು. ಗೆರೆ ಇರಲಿ. ಆದ್ರೆ ದೊಡ್ಡವರು ಬರೆದ ತಾರೀಖಿಗೆ ಮಗುವಿಗೆ ಶಿಕ್ಷೆ ಬೇಡ. ಆಟಗಾರ ಬಾಗಿಲಿಗೆ ಬಂದ ದಿನ ಅಲ್ಲ, ಮೊದಲ ಸಲ ತಾಲ್ಲೂಕು ಮಟ್ಟದಲ್ಲಿ ಆಡಿದ ದಿನವೇ ಕಾಗದ ನೋಡಿ, ತಪ್ಪಿದ್ರೆ ಸರಿಮಾಡಿಸೋಕೆ ಸಮಯ ಕೊಡಿ. ಮೂಳೆ ಪರೀಕ್ಷೆಯಲ್ಲಿ ಅನುಮಾನ ಬಂದ್ರೆ ಇನ್ನೊಂದು ಅವಕಾಶ ಕೊಡಿ. ಸುಳ್ಳು ಸಾಬೀತಾದ್ರೆ ಬರೆಸಿದ ದೊಡ್ಡವರನ್ನ ಮೊದಲು ಕೇಳಿ.

ಒಂದು ಒಳ್ಳೆ ಸುದ್ದಿ ಇದೆ. 1969ರ ಕಾಯ್ದೆಗೆ ತಿದ್ದುಪಡಿ ಆಗಿ, 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರೋಕೂ, ಬೇರೆ ಕೆಲಸಗಳಿಗೂ ಜನನ ಪ್ರಮಾಣಪತ್ರವೇ ಆಧಾರ. ಕಿವಿ ಮುಟ್ಟೋ ಕಾಲ ಮುಗೀತು. ಆದ್ರೆ ಅದಕ್ಕೂ ಮುಂಚೆ ಹುಟ್ಟಿ, ಈಗ ನಮ್ಮ ಗದ್ದೆಗಳಲ್ಲಿ ಚೆಂಡು ಒದೀತಿರೋ ಮಕ್ಕಳು ಇದ್ದಾರಲ್ಲ, ಅವರ ಕಾಗದ ಇನ್ನೂ ಹಳೇ ಥರದ್ದೇ ಇರಬಹುದು. ನಿಮ್ಮ ತಮ್ಮನೋ ತಂಗಿಯೋ ಆಟಕ್ಕೆ ಬಿದ್ದಿದ್ರೆ, ಇವತ್ತೇ ಅವರ ಜನನ ಪ್ರಮಾಣಪತ್ರ, ಶಾಲೆ ದಾಖಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಾರೀಖು ಬೇರೆ ಬೇರೆ ಇದ್ರೆ ಹತ್ತನೇ ಕ್ಲಾಸಿಗೆ ಮುಂಚೆ ಸರಿಮಾಡಿಸೋ ದಾರಿ ಕೇಳಿ.

ನನ್ನ ಬೂಟು ಇನ್ನೂ ಅಟ್ಟದ ಮೇಲಿದೆ. ಈ ಸಂಕ್ರಾಂತಿಗೆ ಊರಿಗೆ ಹೋದಾಗ ಅಕ್ಕನ ಮಗ ಅದನ್ನ ಹಾಕ್ಕೊಂಡು ಓಡಾಡ್ತಿದ್ದ, ಎರಡು ಸೈಜು ದೊಡ್ಡದು. ಅವನ ಪ್ರಮಾಣಪತ್ರ ನೋಡಿದೆ. ತಾರೀಖು ಸರಿ ಇದೆ.