ತಲ್ವಾರ್‌ನ ಟೆಲಿಗ್ರಾಫಿಸ್ಟರು

ಅಂಕೋಲಾದಲ್ಲಿರುವ ಅಕ್ಕನ ಮಗ ಈ ವರ್ಷ ಪಿಯುಸಿ ಮುಗಿಸಿದ. ಮೊನ್ನೆ ಫೋನ್ ಮಾಡಿ, "ಮಾವ, ನೇವಿಗೆ ಸೇಲರ್ ಆಗಿ ಸೇರ್ಕೊಳ್ಳಲಾ? ಅಗ್ನಿವೀರ್ ಅಂದ್ರೆ ನಾಲ್ಕು ವರ್ಷ. ಆಮೇಲೆ ಏನು ಅಂತ ಅಪ್ಪ ಕೇಳ್ತಿದ್ದಾರೆ" ಅಂದ. ಕಾರವಾರದ ನೌಕಾನೆಲೆ ಅವನ ಊರಿಗೆ ಹತ್ತಿರ. ಬಿಳಿ ಸಮವಸ್ತ್ರ ನೋಡುತ್ತಲೇ ಬೆಳೆದ ಹುಡುಗ. ನಾನು ತಕ್ಷಣ ಉತ್ತರ ಕೊಡಲಿಲ್ಲ. "ಆಮೇಲೆ ಏನು?" ಎಂಬ ಇದೇ ಪ್ರಶ್ನೆ ನಾನಿರುವ ಈ ಮುಂಬೈಯನ್ನು 1946ರಲ್ಲಿ ಒಮ್ಮೆ ಅಲುಗಾಡಿಸಿದ್ದು ನೆನಪಾಯಿತು.

ಎರಡನೆಯ ಮಹಾಯುದ್ಧ ಶುರುವಾದಾಗ ರಾಯಲ್ ಇಂಡಿಯನ್ ನೇವಿ ತೀರ ಚಿಕ್ಕದು. ನಾವಿಕರು ಎರಡು ಸಾವಿರಕ್ಕೂ ಕಡಿಮೆ. 1945ರ ಹೊತ್ತಿಗೆ ಆ ಸಂಖ್ಯೆ ಇಪ್ಪತ್ತೈದು ಸಾವಿರ ದಾಟಿತ್ತು. ಅಧಿಕಾರಿಯಲ್ಲದ ನಾವಿಕನನ್ನು ಬ್ರಿಟಿಷ್ ನೌಕಾಪಡೆಯಲ್ಲಿ 'ರೇಟಿಂಗ್' ಎನ್ನುತ್ತಾರೆ. ನಮ್ಮ ಆಫೀಸುಗಳಲ್ಲಿ ವರ್ಷಕ್ಕೊಮ್ಮೆ ಮನುಷ್ಯರಿಗೆ ರೇಟಿಂಗ್ ಕೊಡುತ್ತೇವೆ. ಅಲ್ಲಿ ಮನುಷ್ಯನೇ ರೇಟಿಂಗ್.

ರೇಟಿಂಗ್ ಆಗಿ ಸೇರುವವನ ಮುಂದೆ ಹಲವು ಕಸುಬುಗಳಿದ್ದವು. ಡೆಕ್ ಮೇಲಿನ ಕೆಲಸಕ್ಕೆ ಸೀಮನ್, ಬಾಯ್ಲರ್ ಕೋಣೆಯ ಬೆಂಕಿಯ ಮುಂದೆ ಸ್ಟೋಕರ್, ಅಡುಗೆಗೆ ಕುಕ್, ಬಾವುಟ ಮತ್ತು ದೀಪದ ಸಂಕೇತಕ್ಕೆ ಸಿಗ್ನಲ್‌ಮನ್, ವೈರ್‌ಲೆಸ್‌ಗೆ ಟೆಲಿಗ್ರಾಫಿಸ್ಟ್. ಕೊನೆಯ ಎರಡಕ್ಕೆ ಇಂಗ್ಲಿಷ್ ಓದು, ಬರಹ ಬೇಕು. ಹಾಗಾಗಿ ಮೆಟ್ರಿಕ್ ಮುಟ್ಟಿದ ಹುಡುಗರು ಅಲ್ಲಿಗೆ ಬಂದರು. ಒಳ್ಳೆಯ ಸಂಬಳ, ಒಳ್ಳೆಯ ಊಟ, ಯುದ್ಧ ಮುಗಿದ ಮೇಲೂ ಕೈಹಿಡಿಯುವ ಕಸುಬು: ಭರ್ತಿ ಮಾಡಿಕೊಳ್ಳುವವರು ತೋರಿಸಿದ ಆಸೆ ಇದು.

ಸಿಕ್ಕಿದ್ದು ಬೇರೆ. ಬ್ರಿಟಿಷ್ ನಾವಿಕನಿಗಿಂತ ಬಹಳ ಕಡಿಮೆ ಸಂಬಳ, ಕಲ್ಲು ಸೇರಿದ ಅನ್ನ ಬೇಳೆ, ಮಾತುಮಾತಿಗೆ ಬೈಗುಳ. ಯುದ್ಧ ಮುಗಿಯುತ್ತಿದ್ದಂತೆ ಪಡೆ ಕರಗತೊಡಗಿತು. ಮನೆಗೆ ಹೋಗಿ ಮಾಡುವುದೇನು ಎಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಅದೇ ಹೊತ್ತಿಗೆ ದಿಲ್ಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನವರ ವಿಚಾರಣೆ. ಪತ್ರಿಕೆ ಓದಬಲ್ಲ ಹುಡುಗರಿಗೆ ಇದೆಲ್ಲ ಒಂದಕ್ಕೊಂದು ಬೆಸೆದುಕೊಂಡಿತು.

ಕೊಲಾಬಾದಲ್ಲಿದ್ದ ಎಚ್‌ಎಂಐಎಸ್ ತಲ್ವಾರ್ ಹೆಸರಿಗೆ ಹಡಗು. ನಿಜದಲ್ಲಿ ದಡದ ಮೇಲಿನ ಸಿಗ್ನಲ್ ಶಾಲೆ. ಅಲ್ಲಿನ ಟೆಲಿಗ್ರಾಫಿಸ್ಟ್ ಬಿ. ಸಿ. ದತ್ತ್ ಗೋಡೆಗಳ ಮೇಲೆ 'ಕ್ವಿಟ್ ಇಂಡಿಯಾ' ಬರೆದು 1946ರ ಫೆಬ್ರವರಿ ಆರಂಭದಲ್ಲಿ ಸಿಕ್ಕಿಬಿದ್ದರು. ಕಮಾಂಡರ್ ಕಿಂಗ್ ನಾವಿಕರನ್ನು ಹೀನಾಯವಾಗಿ ಬೈದ. ದೂರು ಕೊಟ್ಟರೂ ಪ್ರಯೋಜನವಾಗಲಿಲ್ಲ. ಫೆಬ್ರವರಿ 18ರ ಸೋಮವಾರ ತಲ್ವಾರ್‌ನ ನಾವಿಕರು ತಟ್ಟೆ ಮುಟ್ಟಲಿಲ್ಲ. ಊಟವಿಲ್ಲ, ಕೆಲಸವೂ ಇಲ್ಲ.

ಮುಂದಿನದರಲ್ಲೇ ನನಗೆ ಈ ಕಥೆಯ ತಿರುಳು ಕಾಣುವುದು. ಮುಷ್ಕರ ಹೂಡಿದವರು ಸಂದೇಶ ಕಳಿಸುವುದನ್ನೇ ಕಲಿತವರು. ಸರ್ಕಾರ ತನ್ನ ಯುದ್ಧಕ್ಕಾಗಿ ಅವರಿಗೆ ಕಲಿಸಿದ ವೈರ್‌ಲೆಸ್ ಈಗ ಅವರ ಕೈಯಲ್ಲೇ ಇತ್ತು. ಕೆಲವೇ ದಿನಗಳಲ್ಲಿ ಕರಾಚಿ, ಕಲ್ಕತ್ತಾ, ಮದ್ರಾಸ್, ವಿಶಾಖಪಟ್ಟಣಕ್ಕೆ ಅದು ಹಬ್ಬಿತು: 78 ಹಡಗುಗಳು, ದಡದ 20 ನೆಲೆಗಳು, ಸುಮಾರು 20,000 ನಾವಿಕರು. ಮುಷ್ಕರ ಸಮಿತಿಯ ಅಧ್ಯಕ್ಷ ಎಂ. ಎಸ್. ಖಾನ್ ಸಿಗ್ನಲ್‌ಮನ್, ಉಪಾಧ್ಯಕ್ಷ ಮದನ್ ಸಿಂಗ್ ಟೆಲಿಗ್ರಾಫಿಸ್ಟ್. ಅವರ ಬೇಡಿಕೆಯ ಪಟ್ಟಿಯಲ್ಲಿ ಒಳ್ಳೆಯ ಊಟ, ಸಮಾನ ವೇತನದ ಪಕ್ಕದಲ್ಲೇ ಆಜಾದ್ ಹಿಂದ್ ಕೈದಿಗಳ ಬಿಡುಗಡೆಯೂ, ಇಂಡೋನೇಷ್ಯಾದಿಂದ ಭಾರತೀಯ ಸೈನ್ಯ ವಾಪಸು ಬರಬೇಕೆಂಬುದೂ ಇತ್ತು. ಸಂಬಳದ ಜಗಳವೋ ಸ್ವಾತಂತ್ರ್ಯದ ಹೋರಾಟವೋ ಎಂದು ಕೇಳುವವರಿದ್ದಾರೆ. ಆ ಹುಡುಗರಿಗೆ ಎರಡೂ ಒಂದೇ ತಟ್ಟೆಯಲ್ಲಿತ್ತು.

21ಕ್ಕೆ ಮುಂಬೈಯ ಕ್ಯಾಸಲ್ ಬ್ಯಾರಕ್ಸ್‌ನಲ್ಲಿ ಗುಂಡು ಹಾರಿತು. ಗಿರಣಿ ಕಾರ್ಮಿಕರು ಬೀದಿಗಿಳಿದರು. ನಗರದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕಾಂಗ್ರೆಸ್ ಮತ್ತು ಮುಸ್ಲಿಂ ಲೀಗ್ ಎರಡೂ ಶರಣಾಗಲು ಹೇಳಿದವು. ಯಾರ ಮೇಲೂ ಸೇಡು ತೀರಿಸದಂತೆ ನೋಡಿಕೊಳ್ಳುತ್ತೇವೆಂದು ಸರ್ದಾರ್ ಪಟೇಲರು ಭರವಸೆ ಕೊಟ್ಟರು. 23ಕ್ಕೆ ಮುಷ್ಕರ ಮುಗಿಯಿತು. ಭರವಸೆ ಉಳಿಯಲಿಲ್ಲ; ನೂರಾರು ನಾವಿಕರು ಕೆಲಸ ಕಳೆದುಕೊಂಡರು. ಮರುವರ್ಷ ಸ್ವಾತಂತ್ರ್ಯ ಬಂತು, ಆದರೆ ಹೊರಹಾಕಿದವರನ್ನು ಹೊಸ ದೇಶಗಳ ನೌಕಾಪಡೆಗಳು ಮರಳಿ ಕರೆಯಲಿಲ್ಲ. ದತ್ತ್ ತಮ್ಮ ನೆನಪುಗಳನ್ನು ಪುಸ್ತಕವಾಗಿಸಿದರು, 1971ರಲ್ಲಿ. ನೌಕಾದಂಗೆಯ ಸ್ಮಾರಕ ಈಗ ಕೊಲಾಬಾದಲ್ಲಿದೆ. ಅದರ ಮುಂದೆ ಟ್ಯಾಕ್ಸಿಗಳು ನಿಲ್ಲದೆ ಓಡುತ್ತವೆ.

ಇಪ್ಪತ್ತು ವರ್ಷಗಳಿಂದ ಜನರನ್ನು ಪ್ರಾಜೆಕ್ಟಿಗೆ ಸೇರಿಸಿಕೊಳ್ಳುತ್ತ, ಬಿಡಿಸುತ್ತ ಬಂದವನು ನಾನು. ಸಂದರ್ಶನದಲ್ಲಿ ಹೇಳಿದ ಮಾತಿಗೂ ಪತ್ರದಲ್ಲಿ ಬರೆದ ಸಾಲಿಗೂ ಇರುವ ಅಂತರ ನನಗೆ ಗೊತ್ತು. ಕೆಲವೊಮ್ಮೆ ಆ ಅಂತರದ ಆಚೆ ಬದಿಯಲ್ಲಿ ನಾನೇ ಕೂತಿದ್ದೆ. ಇವತ್ತಿನ ನೌಕಾಪಡೆ ನಮ್ಮದು, 1946ರ ತಟ್ಟೆ ಈಗಿಲ್ಲ. ಆದರೂ ನಾಲ್ಕು ವರ್ಷದ ನಂತರ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಜನರನ್ನು ಎಂದು ಯೋಜನೆಯೇ ಹೇಳುತ್ತದೆ.

ರಾತ್ರಿ ಅಳಿಯನಿಗೆ ಫೋನ್ ಮಾಡಿದೆ. "ಸೇರು, ಬೇಡ ಅನ್ನಲ್ಲ. ಆದ್ರೆ ಉಳಿದ ಎಪ್ಪತ್ತೈದರಲ್ಲಿ ನೀನಿದ್ರೆ ಯಾವ ಕಸುಬು ಕೈಯಲ್ಲಿರತ್ತೆ ಅಂತ ಮೊದ್ಲು ಕೇಳು. ಬಾಯಲ್ಲಿ ಹೇಳಿದ್ದನ್ನ ನಂಬಬೇಡ, ಬರ್ದಿದ್ದನ್ನ ಓದು" ಅಂದೆ.

"ಓದ್ತೀನಿ ಮಾವ" ಅಂದವನು ಸ್ವಲ್ಪ ತಡೆದು ಕೇಳಿದ: "ಸಿಗ್ನಲ್‌ನವರು ಅಂದ್ರೆ ಈಗ ಯಾವ ಟ್ರೇಡ್?"