ಗುಳಿಗೆ ಮತ್ತು ವಿದ್ಯುತ್ತು: ಅಪಸ್ಮಾರ ಚಿಕಿತ್ಸೆಯ ಹೆಣೆದುಕೊಂಡ ಚರಿತ್ರೆ

ಅಪಸ್ಮಾರ ಚಿಕಿತ್ಸೆಯ ಚರಿತ್ರೆಯನ್ನು ಸಾಮಾನ್ಯವಾಗಿ ಎರಡು ಕವಲುಗಳಾಗಿ ಬರೆಯುತ್ತಾರೆ. ಔಷಧದ ಕವಲು 1857ರಲ್ಲಿ ಲಂಡನ್ನಿನ ವೈದ್ಯ ಚಾರ್ಲ್ಸ್ ಲೋಕಾಕ್ ಪೊಟ್ಯಾಸಿಯಂ ಬ್ರೋಮೈಡಿನ ಗುಣವನ್ನು ತಿಳಿಸಿದಲ್ಲಿಂದ ಹೊರಡುತ್ತದೆ. ವಿದ್ಯುತ್ ಪ್ರಚೋದನೆಯ ಕವಲಿಗೆ ಮೂಲ, 1870ರಲ್ಲಿ ಬರ್ಲಿನ್ನಿನ ಫ್ರಿಟ್ಷ್ ಮತ್ತು ಹಿಟ್ಸಿಗ್ ನಾಯಿಯ ಮಿದುಳಿನ ಮೇಲೆ ನಡೆಸಿದ ಪ್ರಯೋಗ. ಈ ವಿಂಗಡಣೆ ದಾಖಲೆಗಳಿಗೆ ಒಪ್ಪುವುದಿಲ್ಲ ಎಂಬುದು ನನ್ನ ವಾದ.

ಇದಕ್ಕೆ ಬಲವಾದ ಸಾಕ್ಷ್ಯ ಫೆನಿಟಾಯಿನ್. ಜರ್ಮನಿಯ ಹೈನ್ರಿಶ್ ಬಿಲ್ಟ್ಸ್ 1908ರಲ್ಲೇ ತಯಾರಿಸಿದ್ದ ಈ ರಾಸಾಯನಿಕವನ್ನು ಅಪಸ್ಮಾರಕ್ಕೆ ಬಳಸಬಹುದೆಂದು ಆಗ ಯಾರಿಗೂ ಹೊಳೆದಿರಲಿಲ್ಲ. 1930ರ ದಶಕದಲ್ಲಿ ಬಾಸ್ಟನ್ನಿನ ಟ್ರೇಸಿ ಪಟ್ನಮ್ ಮತ್ತು ಹೂಸ್ಟನ್ ಮೆರಿಟ್ ಬೆಕ್ಕುಗಳಿಗೆ ವಿದ್ಯುತ್ ಹರಿಸಿ, ಸೆಳವು ಬರಲು ಕನಿಷ್ಠ ಎಷ್ಟು ಪ್ರವಾಹ ಬೇಕೆಂದು ಅಳೆದರು. ಆಮೇಲೆ ಒಂದೊಂದೇ ರಾಸಾಯನಿಕವನ್ನು ಕೊಟ್ಟು ಮತ್ತೆ ಅಳೆದರು. 1912ರಿಂದ ಬಳಕೆಯಲ್ಲಿದ್ದ ಫಿನೋಬಾರ್ಬಿಟಾಲ್ ಸೆಳವನ್ನು ತಡೆಯುತ್ತಿತ್ತು, ಆದರೆ ರೋಗಿಗೆ ಮಂಪರು ಕವಿಸುತ್ತಿತ್ತು. ಫೆನಿಟಾಯಿನ್ ಅಷ್ಟು ಮಂಪರಿಲ್ಲದೆಯೇ ಸೆಳವನ್ನು ತಡೆಯಿತು. 1938ರಲ್ಲಿ ಅವರು ರೋಗಿಗಳ ಮೇಲಿನ ಫಲಿತಾಂಶ ಪ್ರಕಟಿಸಿದರು. ಈ ಗುಳಿಗೆಯನ್ನು ಆರಿಸಿಕೊಟ್ಟದ್ದೇ ವಿದ್ಯುತ್ತು. ಅದೇ ವರ್ಷ ಬೈಲಿ ಮತ್ತು ಬ್ರೆಮರ್, ಬೆಕ್ಕಿನ ವೇಗಸ್ ನರವನ್ನು ಪ್ರಚೋದಿಸಿದಾಗ ಮಿದುಳಿನ ಅಲೆಗಳು ಬದಲಾಗುವುದನ್ನು ವರದಿ ಮಾಡಿದರು.

1970ರ ದಶಕದಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಕೂಪರ್ ಕಿರುಮೆದುಳಿಗೆ ಪ್ರಚೋದನೆ ಕೊಟ್ಟು ದೊಡ್ಡ ಭರವಸೆ ಹುಟ್ಟಿಸಿದರು. ಮುಂದಿನ ಸಣ್ಣ ನಿಯಂತ್ರಿತ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ವೇಗಸ್ ನರದ ದಾರಿ ಹೆಚ್ಚು ದೂರ ಸಾಗಿತು. 1985ರಲ್ಲಿ ಜೇಕಬ್ ಝಬಾರಾ ನಾಯಿಗಳ ಮೇಲಿನ ಫಲಿತಾಂಶ ತಿಳಿಸಿದರು, 1988ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಮೊದಲ ರೋಗಿಗೆ ಈ ನರವನ್ನು ಪ್ರಚೋದಿಸುವ ಸಾಧನ ಅಳವಡಿಸಲಾಯಿತು, 1997ರಲ್ಲಿ ಆ ದೇಶದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಸಿಕ್ಕಿದ್ದು ಔಷಧದ ಜತೆಗಿನ ಪೂರಕ ಚಿಕಿತ್ಸೆಯಾಗಿ. ಗುಳಿಗೆಗೆ ಬದಲಿಯಾಗಿ ಅಲ್ಲ.

ಇಲ್ಲಿಂದಾಚೆಗಿನ ದೊಡ್ಡ ಪ್ರಯೋಗಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. 2010ರಲ್ಲಿ ಪ್ರಕಟವಾದ, ಥಲಮಸ್ಸಿನ ಮುಂಭಾಗವನ್ನು ಪ್ರಚೋದಿಸಿದ ಅಧ್ಯಯನದಲ್ಲಿ 110 ಮಂದಿ ಇದ್ದರು. ಔಷಧವನ್ನು ಬದಲಿಸದೆ, ಪ್ರಚೋದನೆ ಯಾರಿಗೆ ಸಿಗುತ್ತಿದೆ ಎಂದು ತಿಳಿಸದೆ ನಡೆಸಿದ ಮುಸುಕಿನ ಹಂತದ ಕೊನೆಗೆ ಪ್ರಚೋದನೆ ಪಡೆದವರ ಸೆಳವುಗಳ ಮಧ್ಯಕ ಇಳಿಕೆ ಶೇ. 40.4, ಪಡೆಯದವರದು ಶೇ. 14.5. ಅನಂತರ ಔಷಧ ಬದಲಿಸಲು ಅವಕಾಶ ಕೊಟ್ಟರು. ಐದು ವರ್ಷಕ್ಕೆ ಇಳಿಕೆ ಶೇ. 69ಕ್ಕೆ ಮುಟ್ಟಿತು. ಇದರಲ್ಲಿ ವಿದ್ಯುತ್ತಿನ ಪಾಲೆಷ್ಟು, ಹೊಸ ಗುಳಿಗೆಯ ಪಾಲೆಷ್ಟು, ಎರಡೂ ಕೂಡಿದ್ದರಿಂದ ಬಂದದ್ದೆಷ್ಟು? ಆ ವಿನ್ಯಾಸದಿಂದ ಉತ್ತರ ಹೊರಡುವುದಿಲ್ಲ. ಔಷಧವನ್ನು ಮೊದಲು ಸ್ಥಿರ ಹಿನ್ನೆಲೆಯಾಗಿ, ಆಮೇಲೆ ವೈದ್ಯರ ವಿವೇಚನೆಗೆ ಬಿಟ್ಟ ಸಂಗತಿಯಾಗಿ ಕಂಡರೇ ಹೊರತು, ಕೂಡಿಕೆಯನ್ನೇ ಪರೀಕ್ಷಿಸಲಿಲ್ಲ.

ಹಾಗೆ ಪರೀಕ್ಷಿಸಲು ಆಧಾರ ಅಷ್ಟರಲ್ಲಾಗಲೇ ಇತ್ತೆಂಬುದು ನನ್ನನ್ನು ಕಾಡುವ ಸಂಗತಿ. ಜರ್ಮನಿಯ ಉಲ್ಫ್ ಸೀಮನ್ ಮತ್ತು ಸಂಗಡಿಗರು 1996ರಲ್ಲಿ, ಔಷಧ ಸೇವಿಸಿದ ಆರೋಗ್ಯವಂತರ ಮಿದುಳನ್ನು ತಲೆಯ ಹೊರಗಿನಿಂದ ಕಾಂತಸ್ಪಂದನದ ಮೂಲಕ ಪ್ರಚೋದಿಸಿ ನೋಡಿದ್ದರು. ಸೋಡಿಯಂ ನಾಳಗಳನ್ನು ತಡೆಯುವ ಔಷಧಗಳು ಸ್ನಾಯು ಮಿಡಿಯಲು ಬೇಕಾದ ಪ್ರಚೋದನೆಯ ಪ್ರಮಾಣವನ್ನೇ ಏರಿಸಿದವು. ಗಾಬಾ ರಾಸಾಯನಿಕದ ಪರಿಣಾಮವನ್ನು ಹೆಚ್ಚಿಸುವ ಔಷಧಗಳು ಆ ಪ್ರಮಾಣವನ್ನು ಮುಟ್ಟದೆ, ಮಿದುಳಿನ ಒಳಗಿನ ತಡೆಯನ್ನು ಬಲಪಡಿಸಿದವು. ರೋಗಿ ಯಾವ ಗುಳಿಗೆ ನುಂಗುತ್ತಿದ್ದಾನೆ ಎಂಬುದರ ಮೇಲೆ ಅದೇ ಪ್ರಚೋದನೆಯ ಪರಿಣಾಮ ಬೇರೆಯಾಗಬಹುದೆಂದು ಇದು ಸೂಚಿಸುತ್ತದೆ.

ಕರ್ನಾಟಕದಲ್ಲಿ ಗುಳಿಗೆ ಮತ್ತು ವಿದ್ಯುತ್ತಿನ ಕೂಡಿಕೆಯ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಬೆಂಗಳೂರಿನ ನರವೈದ್ಯ ಕೆ. ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ, ಫಿನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್‌ನಂಥ ಅಗ್ಗದ ಔಷಧದಿಂದ ಹಳ್ಳಿಗಳಲ್ಲೂ ಸೆಳವನ್ನು ಹತೋಟಿಗೆ ತರಬಹುದೆಂದು ತೋರಿಸಿತು. ತಕ್ಕ ಎರಡು ಔಷಧಗಳನ್ನು ಸರಿಯಾಗಿ ಬಳಸಿಯೂ ಸೆಳವು ನಿಲ್ಲದಿದ್ದರೆ ಮಾತ್ರ ಅದು ಔಷಧಕ್ಕೆ ಬಗ್ಗದ ಅಪಸ್ಮಾರ ಎಂದು ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಸಂಘ 2010ರಲ್ಲಿ ವ್ಯಾಖ್ಯಾನಿಸಿತು. ಮೊದಲ ಗುಳಿಗೆಯೇ ನಿಯಮಿತವಾಗಿ ಸಿಗದ ಕಡೆ ಈ ಅಳತೆಗೋಲನ್ನು ಹಚ್ಚಿ ನೋಡಲು ಬರುವುದಿಲ್ಲ. ಹಾಗಾಗಿ ಪ್ರಚೋದನೆಯ ಸಾಧನ ಯಾರಿಗೆ ಬೇಕೆಂದು ಅಲ್ಲಿ ಹೇಳುವುದೂ ಆಗುವುದಿಲ್ಲ.