ಕಾವೇರಿ ದ್ರೋಣಿಯ ಭೂವೈಜ್ಞಾನಿಕ ಇತಿಹಾಸ

ಕಾವೇರಿ ದ್ರೋಣಿಯು ತಮಿಳುನಾಡಿನ ಕೋರಮಂಡಲ ತೀರದ ನೆಲದಡಿಯಲ್ಲೂ ಅದಕ್ಕೆ ತಾಗಿದ ಕಡಲ ತಳದಲ್ಲೂ ಹರಡಿರುವ, ಜಲಜಶಿಲೆಗಳು ತುಂಬಿಕೊಂಡ ವಿಶಾಲವಾದ ತಗ್ಗು. ನೀರಿನ ತಳದಲ್ಲಿ ಪದರಪದರವಾಗಿ ಕೂತ ಹೂಳು ಕಾಲಾಂತರದಲ್ಲಿ ಗಟ್ಟಿಯಾಗಿ ಕಲ್ಲಾದರೆ ಅದೇ ಜಲಜಶಿಲೆ. ಹೆಸರು ನದಿಯದಾದರೂ ದ್ರೋಣಿ ನದಿಗಿಂತ ಬಹಳ ಹಳೆಯದು. ತಲಕಾವೇರಿಯಲ್ಲಿ ಹುಟ್ಟುವ ಹೊಳೆ ಇದರ ಮೇಲ್ಮೈಯ ತೀರ ಈಚಿನ ಪದರವನ್ನಷ್ಟೇ ಹಾಸಿದೆ.

ಜುರಾಸಿಕ್ ಯುಗದ ಕೊನೆ ಮತ್ತು ಕ್ರಿಟೇಷಿಯಸ್ ಯುಗದ ಮೊದಲ ಭಾಗದಲ್ಲಿ, ಎಂದರೆ ಸುಮಾರು 15ರಿಂದ 13 ಕೋಟಿ ವರ್ಷಗಳ ಹಿಂದೆ, ಗೊಂಡ್ವಾನ ಮಹಾಖಂಡ ಒಡೆದು ಭಾರತವು ಅಂಟಾರ್ಕ್ಟಿಕದಿಂದ ಬೇರ್ಪಡತೊಡಗಿದಾಗ, ಎಳೆತಕ್ಕೆ ಸಿಕ್ಕ ಪುರಾತನ ನೈಸ್ ಶಿಲೆಗಳು ಈಶಾನ್ಯದಿಂದ ನೈಋತ್ಯಕ್ಕೆ ಸೀಳಿದವು. ಸೀಳುಗಳ ನಡುವಿನ ಕೆಲವು ತುಂಡುಗಳು ಕುಸಿದು ಕಂದಕಗಳಾದವು, ಕೆಲವು ಕುಸಿಯದೆ ದಿಣ್ಣೆಗಳಾಗಿ ಉಳಿದವು. ಅರಿಯಲೂರು, ತಂಜಾವೂರು, ನಾಗಪಟ್ಟಣದ ಕಡೆಯ ಕಂದಕಗಳನ್ನು ಇಂಥ ದಿಣ್ಣೆಗಳು ಈಗಲೂ ಬೇರ್ಪಡಿಸಿವೆಯಾದರೂ, ಮೇಲಿನ ಸಮತಟ್ಟಾದ ಭತ್ತದ ಗದ್ದೆಗಳಲ್ಲಿ ಅದರ ಸುಳಿವೇ ಸಿಗುವುದಿಲ್ಲ. ಆಳವಾದ ಕಂದಕಗಳಲ್ಲಿ ಹೂಳಿನ ದಪ್ಪ 5 ಕಿಲೋಮೀಟರಿಗೂ ಮಿಕ್ಕಿದೆ.

ಎಳೆತ ನಿಂತ ಮೇಲೂ ಕುಸಿತ ನಿಲ್ಲಲಿಲ್ಲ. ತೆಳುವಾದ ಭೂತೊಗಟೆಯ ಕೆಳಗಿನ ಬಿಸಿ ಆರುತ್ತ ಬಂದಂತೆ ಶಿಲೆಗಳ ಸಾಂದ್ರತೆ ಹೆಚ್ಚಿ ಭಾರತದ ಪೂರ್ವದ ಅಂಚು ನಿಧಾನವಾಗಿ ಕೆಳಗಿಳಿಯಿತು, ಬೀಳುತ್ತಿದ್ದ ಹೂಳಿನ ಭಾರವೂ ಅದನ್ನು ಒತ್ತಿತು, ಸುಮಾರು 11 ಕೋಟಿ ವರ್ಷಗಳ ಹಿಂದೆ ಕಡಲು ಒಳನಾಡಿಗೆ ನುಗ್ಗಿತು. ಆ ಕಡಲಿನ ಗುರುತುಗಳು ದ್ರೋಣಿಯ ಪಶ್ಚಿಮದ ಅಂಚಿನಲ್ಲಿ ಬಯಲಾಗಿವೆ: ದಾಲ್ಮಿಯಾಪುರದ ಗಣಿಗಳಲ್ಲಿ ಹವಳದ ಸುಣ್ಣಕಲ್ಲು, ಕಾರೈ ಊರಿನ ಬಳಿ ಮಳೆ ಕೊರೆದ ಬೋಳು ಕೊರಕಲುಗಳಲ್ಲಿ ಜಿಪ್ಸಮ್ಮಿನ ಗೆರೆಗಳುಳ್ಳ ಜೇಡಿ, ಅರಿಯಲೂರಿನ ಸಿಮೆಂಟು ಗಣಿಗಳಲ್ಲಿ ಒಂದರ ಮೇಲೊಂದು ಒತ್ತೊತ್ತಾಗಿ ಕೂತ ಸಿಂಪಿ ಚಿಪ್ಪುಗಳು. ಇಲ್ಲಿನ ಅಮೊನೈಟುಗಳನ್ನು, ಅಂದರೆ ಸುರುಳಿ ಚಿಪ್ಪಿನ ಅಳಿದುಹೋದ ಕಡಲಜೀವಿಗಳನ್ನು, 19ನೆಯ ಶತಮಾನದಲ್ಲಿ ಫರ್ಡಿನಾಂಡ್ ಸ್ಟೊಲಿಚ್ಕ ವಿವರವಾಗಿ ವರ್ಣಿಸಿದನು.

ಭಾರತದ ಪಶ್ಚಿಮದ ಅಂಚು ಒಡೆದದ್ದು ತಡವಾಗಿ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಕಳಚಿಕೊಂಡಿತು. ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳು ಆ ಕಾಲದ ಜ್ವಾಲಾಮುಖಿಯವು. ಪೂರ್ವದಲ್ಲಿ ಕ್ರಿಟೇಷಿಯಸ್ ಮುಗಿಯುವ ಹೊತ್ತಿಗೆ ಕಡಲು ಹಿಂಜರಿಯತೊಡಗಿತ್ತು, ದಡ ಕ್ರಮೇಣ ಪೂರ್ವಕ್ಕೆ ಸರಿಯಿತು, ನೈವೇಲಿಯ ಜೌಗುಕಾಡುಗಳು ಹೂತು ಲಿಗ್ನೈಟ್ ಆದವು.

ಮೊದಲ ಕಂದಕಗಳ ಕಪ್ಪು ಜೇಡಿಗಲ್ಲು ಆಳದ ಬಿಸಿಗೆ ಬೆಂದು ತೈಲ ಬಿಟ್ಟಿತು. ಅದು ನಾಗಪಟ್ಟಣದ ಬಳಿಯ ನರಿಮಣಂನಲ್ಲಿ ಜಲಜಶಿಲೆಗಳಲ್ಲಿ ಸಿಕ್ಕಿದರೆ, ಮಾದಾನಂನಲ್ಲಿ ಸಿಕ್ಕಿದ್ದು ಹೂಳಿಗೂ ಕಡಲಿಗೂ ಸಂಬಂಧವೇ ಇಲ್ಲದ ದಿಣ್ಣೆಯ ಪುರಾತನ ಶಿಲೆಯ ಬಿರುಕುಗಳಲ್ಲಿ.